ಹದಿನಾಲ್ಕು ಸೆಷನ್ ಆಯಿತು, ಬೇಕಾದ ನೋಟ್ಸ್ ಕೈಗೆ ಸಿಗುತ್ತಿಲ್ಲ. ಡಿಎಂಗಳು ಹೇಗೆ ಬರೆದಿಡುತ್ತೀರಿ?

ಹೇಮಾವತಿ_ಡಿಎಂ:

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡಿಸುತ್ತೇನೆ, ಐದನೇ ಎಡಿಷನ್. ಗೊತ್ತಿಲ್ಲದವರಿಗೆ: ಮೇಜಿನ ಸುತ್ತ ಕೂತು, ಮಾತಿನಲ್ಲೇ ಕಥೆ ಕಟ್ಟುತ್ತಾ ದಾಳ ಹಾಕಿ ಆಡುವ ಆಟ ಇದು. ಪ್ಲೇಯರ್ ಒಬ್ಬೊಬ್ಬರದ್ದು ಒಂದೊಂದು ಪಾತ್ರ, ಕಥೆ ನಡೆಸುತ್ತಾ ಉಳಿದ ಪಾತ್ರಗಳನ್ನೆಲ್ಲ ಆಡಿಸುವವನು ಡಿಎಂ, ಅಂದರೆ ಡಂಜನ್ ಮಾಸ್ಟರ್. ಒಂದು ಸಲ ಕೂತು ಆಡಿದರೆ ಒಂದು ಸೆಷನ್. ಐದು ಜನ ಪ್ಲೇಯರ್‌ಗಳು, ಎಲ್ಲರೂ ಕಾಲೇಜಿನಿಂದ ಪರಿಚಯ. ಭಾನುವಾರ ಊಟ ಮುಗಿಸಿ ಎರಡು ಗಂಟೆಗೆ ಕೂತರೆ ಆರಕ್ಕೆ ಏಳಲೇಬೇಕು, ಒಬ್ಬ ಸಕಲೇಶಪುರದ ಬಸ್ಸು ಹಿಡಿಯಬೇಕು. ನಿಯಮದ ಪುಸ್ತಕ ಇಂಗ್ಲಿಷಿನಲ್ಲಿದ್ದರೂ ಆಟ ಪೂರ್ತಿ ಕನ್ನಡದಲ್ಲೇ ನಡೆಯುತ್ತದೆ.

ಕಥೆಯೂ ನಮ್ಮ ಕಡೆಯದ್ದೇ. ದೊಡ್ಡ ಕೆರೆಯ ದಡದಲ್ಲಿ ಒಂದು ರಾಜಧಾನಿ. ಹೆಸರು ಬೇರೆ ಇಟ್ಟಿದ್ದೇನೆ, ಆದರೆ ಹಳೇಬೀಡು ನೋಡಿದವರಿಗೆ ಇದು ದ್ವಾರಸಮುದ್ರ ಅಂತ ತಕ್ಷಣ ಗೊತ್ತಾಗುತ್ತದೆ. ಘಟ್ಟದ ಅಂಚಿಗೆ ಮಂಜರಾಬಾದ್ ತರಹದ ನಕ್ಷತ್ರದ ಕೋಟೆ ಇದೆ, ಎಂಟು ಮೂಲೆಯದ್ದು. ಶೆಟ್ಟಿಹಳ್ಳಿಯ ಹಳೇ ಚರ್ಚನ್ನು ಹಿನ್ನೀರಿನ ಮಧ್ಯೆ ನೋಡಿ ಬಂದ ಮೇಲೆ, ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೇಳುವ ಒಂದು ಗುಡಿಯನ್ನೂ ಸೇರಿಸಿದೆ. ಅದು ಎಲ್ಲರಿಗೂ ತುಂಬಾ ಹಿಡಿಸಿದೆ.

ಈಗ ತೊಂದರೆ ಏನು ಅಂದರೆ ನೋಟ್ಸ್. ಮುಖ್ಯ ಕಥೆ ಇನ್ನೂರು ಪುಟದ ಲಾಂಗ್ ನೋಟ್‌ಬುಕ್‌ನಲ್ಲಿದೆ. ಬಸ್ಸಿನಲ್ಲಿ ಹೊಳೆದದ್ದನ್ನೆಲ್ಲ ವಾಟ್ಸಾಪ್‌ನಲ್ಲಿ ನನಗೇ ಕಳಿಸಿಕೊಂಡಿದ್ದೇನೆ. ಊರುಗಳ ವಿವರ ಗೂಗಲ್ ಡಾಕ್ಸ್‌ನಲ್ಲಿ. ಮ್ಯಾಪ್‌ಗಳು ಫೋನಿನ ಗ್ಯಾಲರಿಯಲ್ಲಿ, ಮದುವೆ ಫೋಟೊಗಳ ನಡುವೆ.

ಕಳೆದ ಭಾನುವಾರ ಪಾರ್ಟಿ, ಅಂದರೆ ಐವರ ಪಾತ್ರಗಳ ಗುಂಪು, ಮತ್ತೆ ಕೆರೆ ದಾಟಬೇಕಾಯಿತು. ನಾಲ್ಕನೇ ಸೆಷನ್‌ನಲ್ಲಿ ಇವರನ್ನು ರಾತ್ರೋರಾತ್ರಿ ದಾಟಿಸಿದ್ದ ದೋಣಿಯ ಹೆಂಗಸನ್ನು ಕೂಗಿದರು. ನನಗೆ ಹೆಸರು ನೆನಪಾಗಲಿಲ್ಲ. ಪುಟ ತಿರುಗಿಸಿದೆ, ಫೋನ್ ಹುಡುಕಿದೆ, ಹತ್ತು ನಿಮಿಷ ಹೋಯಿತು. ಕೊನೆಗೆ ಬಾಯಿಗೆ ಬಂದ ಹಾಗೆ ಚೆಲುವಿ ಅಂದೆ. ಒಬ್ಬಳು ತನ್ನ ಫೋನ್ ನೋಡಿ, "ಅಲ್ಲ ಕಣೋ, ಗಂಗವ್ವ. ಅವಳ ಅಣ್ಣನನ್ನ ಹುಡುಕಿ ಕೊಡ್ತೀವಿ ಅಂತ ಮಾತು ಕೊಟ್ಟಿದ್ವಿ" ಅಂದಳು. ಅಣ್ಣ ಒಬ್ಬ ಇದ್ದಾನೆ ಅನ್ನುವುದೇ ನನಗೆ ಮರೆತು ಹೋಗಿತ್ತು. ಅವರು ಹತ್ತು ಸೆಷನ್‌ನಿಂದ ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆ, ಆಡಿಸುವ ನಾನೇ ಬಿಟ್ಟುಬಿಟ್ಟೆ. ಆವತ್ತು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಹಾಗಂತ ನಾನು ಕಡಿಮೆ ಬರೆಯುವವನಲ್ಲ. ಪ್ರತಿ ಸೆಷನ್‌ಗೂ ಐದಾರು ಪುಟ ಬರೆಯುತ್ತೇನೆ, ಅದರಲ್ಲಿ ಒಂದು ಪುಟ ಉಪಯೋಗ ಆದರೆ ಹೆಚ್ಚು, ಯಾಕೆಂದರೆ ಪ್ಲೇಯರ್‌ಗಳು ನಾನು ಬರೆದ ಕಡೆ ಹೋಗುವುದೇ ಇಲ್ಲ. ನೀವೆಲ್ಲ ಏನು ಬರೆಯುತ್ತೀರಿ, ಎಲ್ಲಿ ಬರೆಯುತ್ತೀರಿ, ಮೇಜಿನ ಮುಂದೆ ಕೂತಾಗ ಹೇಗೆ ಹುಡುಕುತ್ತೀರಿ? ಪೇಪರ್ ಆದರೂ ಸರಿ, ಆ್ಯಪ್ ಆದರೂ ಸರಿ.

ಕೊಪ್ಪದ_ಕಡೆಯವನು:

ನಿಮ್ಮ ಮುಳುಗುವ ಗುಡಿ ಚೆನ್ನಾಗಿದೆ, ಮೊದಲು ಅದನ್ನು ಹೇಳಿಬಿಡುತ್ತೇನೆ.

ಐದಾರು ಪುಟ ಬರೆದು ಒಂದು ಪುಟ ಉಪಯೋಗ ಆಗುತ್ತದೆ ಅಂದಿರಲ್ಲ, ನನಗೂ ಮೊದಲ ಎರಡು ವರ್ಷ ಹೀಗೇ ಆಗುತ್ತಿತ್ತು. ನಮ್ಮ ಕಡೆ ಯಕ್ಷಗಾನ ಜಾಸ್ತಿ, ಚಿಕ್ಕಂದಿನಿಂದ ರಾತ್ರಿಯೆಲ್ಲ ಕೂತು ನೋಡಿದ್ದೇನೆ. ಒಂದು ದಿನ ಚೌಕಿಯ (ವೇಷ ಕಟ್ಟುವ ಜಾಗದ) ಹತ್ತಿರ ನಿಂತಿದ್ದಾಗ ಗಮನಿಸಿದೆ. ಭಾಗವತರ ಕೈಯಲ್ಲಿ ಇರುವ ಪ್ರಸಂಗದ ಪುಸ್ತಕದಲ್ಲಿ ಪದ್ಯ ಮಾತ್ರ ಇರುತ್ತದೆ. ವೇಷಧಾರಿ ಆಡುವ ಮಾತು ಅದರಲ್ಲಿ ಇರುವುದಿಲ್ಲ. ಪದ್ಯ ಮುಗಿದ ಮೇಲೆ ಅರ್ಥವನ್ನು ಅವನು ಅಲ್ಲೇ ಕಟ್ಟುತ್ತಾನೆ, ಎದುರಿನವನು ಏನು ಕೇಳಿದ ಅನ್ನುವುದನ್ನು ನೋಡಿಕೊಂಡು. ಹೊಸಬನಾದರೆ ರಂಗಕ್ಕೆ ಹೋಗುವ ಮೊದಲು ಹಿರಿಯರ ಹತ್ತಿರ ಪ್ರಸಂಗದ ನಡೆ ಕೇಳಿಕೊಳ್ಳುತ್ತಾನೆ: ನಾನು ಯಾರು, ಯಾಕೆ ಬಂದೆ, ಎದುರಿಗೆ ಯಾರಿದ್ದಾರೆ, ನನಗೆ ಏನು ಬೇಕು. ಅಷ್ಟು ಗೊತ್ತಿದ್ದರೆ ಮಾತು ಬರುತ್ತದೆ.

ನಾವು ಡಿಎಂಗಳು ತಪ್ಪುವುದು ಇಲ್ಲೇ. ಪದ್ಯ ಬರೆಯುವ ಬದಲು ಅರ್ಥ ಬರೆಯುತ್ತೇವೆ. "ಪಾರ್ಟಿ ಕೋಟೆಯ ಬಾಗಿಲಿಗೆ ಬಂದಾಗ ಕಾವಲುಗಾರ ಹೀಗೆ ಹೇಳುತ್ತಾನೆ, ಅವರು ಹೀಗೆ ಉತ್ತರಿಸುತ್ತಾರೆ, ಆಮೇಲೆ ಅವನು ಒಳಗೆ ಬಿಡುತ್ತಾನೆ." ಪ್ಲೇಯರ್‌ಗಳು ಬಾಗಿಲಿಗೆ ಬರದೆ ಗೋಡೆ ಹತ್ತಿದರೆ ಆ ಎರಡು ಪುಟ ಹೋಯಿತು. ಅದರ ಬದಲು ಕಾವಲುಗಾರನ ನಡೆ ಬರೆದುಕೊಳ್ಳಿ. "ಮೂರು ತಿಂಗಳಿಂದ ಸಂಬಳ ಬಂದಿಲ್ಲ. ಮಗಳ ಮದುವೆ ಹತ್ತಿರ ಬಂದಿದೆ. ದಂಡನಾಯಕನಿಗೆ ಹೆದರುತ್ತಾನೆ. ಮಾತಾಡುವಾಗ ಬೀಗದ ಕೈ ಎಣಿಸುತ್ತಾನೆ." ನಾಲ್ಕೇ ಸಾಲು. ಬಾಗಿಲಲ್ಲಿ ಸಿಕ್ಕರೂ ಗೋಡೆಯ ಮೇಲೆ ಸಿಕ್ಕರೂ ಸಂತೆಯಲ್ಲಿ ಸಿಕ್ಕರೂ ಅವನನ್ನು ಆಡಿಸಬಹುದು. ಪ್ಲೇಯರ್‌ಗಳು ಏನು ಮಾಡುತ್ತಾರೆ ಅಂತ ನಾನು ಈಗ ಒಂದು ಸಾಲೂ ಬರೆಯುವುದಿಲ್ಲ. ಅದು ಅವರ ಕೆಲಸ.

ಸುಳಿವಿನ ವಿಷಯಕ್ಕೂ ಇದೇ. ಡಿಎಂಗಳ ನಡುವೆ ಮೂರು ಸುಳಿವಿನ ನಿಯಮ ಅಂತ ಒಂದಿದೆ. ಪ್ಲೇಯರ್‌ಗಳಿಗೆ ಒಂದು ವಿಷಯ ಗೊತ್ತಾಗಲೇಬೇಕು ಅಂತಿದ್ದರೆ ಅದಕ್ಕೆ ಕಡಿಮೆ ಅಂದರೂ ಮೂರು ದಾರಿ ಇಡಬೇಕು, ಯಾಕೆಂದರೆ ಒಂದನ್ನು ನೋಡುವುದಿಲ್ಲ, ಇನ್ನೊಂದನ್ನು ತಪ್ಪು ತಿಳಿಯುತ್ತಾರೆ. ನಾನು ಸುಳಿವುಗಳನ್ನು ಜಾಗದ ಕೆಳಗೆ ಬರೆಯುವುದಿಲ್ಲ, ಬೇರೆಯಾಗಿಯೇ ಬರೆದಿಡುತ್ತೇನೆ. "ದಂಡನಾಯಕ ರಾತ್ರಿ ಗುಡಿಗೆ ಹೋಗುತ್ತಾನೆ" ಅನ್ನುವುದನ್ನು ಅಂಬಿಗನೂ ಹೇಳಬಹುದು, ಒದ್ದೆ ಚಪ್ಪಲಿಯೂ ಹೇಳಬಹುದು. ಯಾವ ಕಡೆ ಹೋದರೂ ಅಲ್ಲಿಗೆ ಹೊಂದುವ ಹಾಗೆ ಕೊಡುತ್ತೇನೆ, ಕೊಟ್ಟ ಮೇಲೆ ಗೀಟು ಹಾಕುತ್ತೇನೆ.

ಇನ್ನು ಹೆಸರು. ಆಟದ ಮಧ್ಯೆ ಹೆಸರು ಹುಟ್ಟಿಸಬೇಡಿ, ಮೊದಲೇ ಇಪ್ಪತ್ತು ಹೆಸರು ಬರೆದಿಟ್ಟುಕೊಳ್ಳಿ. ನಿಮ್ಮ ಕಥೆ ಹೊಯ್ಸಳರ ಕಾಲದ್ದು ಅಂದಮೇಲೆ ನಿಮಗೆ ಕಷ್ಟವೇ ಇಲ್ಲ, ಆ ಕಾಲದ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದ್ದಾರೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇದ್ದಾರೆ. ನಮ್ಮ ಜಿಲ್ಲೆಯ ಅಮೃತಾಪುರದಲ್ಲಿ ಮಲ್ಲಿತಮ್ಮ ಇದ್ದಾನೆ, ಆ ಗುಡಿ 1196ರದ್ದು. ಓಜ ಅಂತ ಮುಗಿಯುವ ಹೆಸರು ಕೇಳಿದ ಕೂಡಲೇ ಇವನು ಕುಶಲಕರ್ಮಿ ಅಂತ ನಿಮ್ಮ ಪ್ಲೇಯರ್‌ಗಳಿಗೂ ಗೊತ್ತಾಗುತ್ತದೆ. ಹೆಸರು ಬಳಸಿದಾಗ ಪಕ್ಕದಲ್ಲಿ ಯಾರು, ಎಲ್ಲಿ ಅಂತ ಎರಡು ಪದ ಬರೆದುಬಿಡಿ. ಒಂದೇ ಅಕ್ಷರದಿಂದ ಶುರುವಾಗುವ ಹೆಸರು ಇಬ್ಬರಿಗೆ ಇಡಬೇಡಿ. ಮಲ್ಲಣ್ಣ, ಮಲ್ಲಪ್ಪ, ಮಾರಣ್ಣ ಅಂತ ಮೂವರನ್ನು ಒಂದೇ ಊರಲ್ಲಿಟ್ಟು ನಾನು ಒಂದು ಕೊಲೆ ಪತ್ತೆಯ ಕಥೆಯನ್ನೇ ಕೆಡಿಸಿದ್ದೇನೆ.

ಅರಸೀಕೆರೆ_ಡೈಸ್:

ಕೊಪ್ಪದವರು ಹೇಳಿದ್ದು ಆಟಕ್ಕೆ ಮೊದಲು ಬರೆಯುವುದರ ಬಗ್ಗೆ. ಗಂಗವ್ವ ಕಳೆದುಹೋಗಿದ್ದು ಆಟ ಆದ ಮೇಲೆ ಬರೆಯದೆ ಇದ್ದದ್ದರಿಂದ. ನಾನು ಅದನ್ನು ಹೇಳುತ್ತೇನೆ.

ನಮ್ಮ ತಂದೆ ಇಲ್ಲಿ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರ ಮುಂದೆ ಯಾವಾಗಲೂ ಎರಡು ಪುಸ್ತಕ. ಒಂದು ಕಿರ್ದಿ, ಇನ್ನೊಂದು ಖತಾವಣಿ. ಕಿರ್ದಿಯಲ್ಲಿ ಆ ದಿನ ನಡೆದದ್ದು ನಡೆದ ಹಾಗೆ ಬರುತ್ತದೆ, ಒಂದರ ಕೆಳಗೆ ಒಂದು. ಯಾರು ಬಂದರು, ಎಷ್ಟು ತಂದರು, ಎಷ್ಟು ಕೊಟ್ಟೆವು. ಸಂಜೆ ಕೂತು ಅದನ್ನೇ ಖತಾವಣಿಗೆ ಎತ್ತಿ ಬರೆಯುವುದು, ಅಲ್ಲಿ ಪ್ರತಿಯೊಬ್ಬನಿಗೂ ಒಂದೊಂದು ಪುಟ. ಎತ್ತಿ ಬರೆಯುವಾಗ ಕಿರ್ದಿಯ ಪುಟದ ನಂಬರನ್ನು ಪಕ್ಕಕ್ಕೆ ಹಾಕುತ್ತಿದ್ದರು. ಯಾರಾದರೂ ಬಂದು ನನ್ನ ಲೆಕ್ಕ ಏನಾಯಿತು ಅಂತ ಕೇಳಿದರೆ ಕಿರ್ದಿ ಮುಟ್ಟುತ್ತಲೇ ಇರಲಿಲ್ಲ. ಖತಾವಣಿಯಲ್ಲಿ ಅವನ ಪುಟ ತೆಗೆಯುತ್ತಿದ್ದರು. ಅವನು ಒಪ್ಪದೆ ತಕರಾರು ಮಾಡಿದರೆ ಮಾತ್ರ ನಂಬರ್ ನೋಡಿ ಕಿರ್ದಿ ತೆಗೆಯುತ್ತಿದ್ದರು.

ನಿಮ್ಮ ಹತ್ತಿರ ಇರುವುದು ಬರೀ ಕಿರ್ದಿ. ಅದಕ್ಕೇ ಗಂಗವ್ವ ಬೇಕಾದಾಗ ಹದಿನಾಲ್ಕು ಸೆಷನ್ ತಿರುವಿ ಹಾಕಬೇಕಾಯಿತು. ಅವಳಿಗೆ ಒಂದು ಪುಟ ಇದ್ದಿದ್ದರೆ ಹತ್ತು ಸೆಕೆಂಡಿನ ಕೆಲಸ ಅಲ್ವಾ.

ನಾನು ಮಾಡುವುದು ಹೀಗೆ. ನೋಟ್‌ಬುಕ್ ಕಿರ್ದಿ. ಆಡಿಸುವಾಗ ಅದರಲ್ಲಿ ತುಂಡು ತುಂಡು ಪದ ಗೀಚುತ್ತೇನೆ, ವಾಕ್ಯ ಬರೆಯಲು ಹೋಗುವುದಿಲ್ಲ. ಖತಾವಣಿಗೆ ಕಾರ್ಡುಗಳು. ಮನೆಗೆ ಬಂದ ಲಗ್ನಪತ್ರಿಕೆಗಳನ್ನು ಅಂಗೈ ಅಗಲಕ್ಕೆ ಕತ್ತರಿಸಿ ಖಾಲಿ ಬದಿಯಲ್ಲಿ ಬರೆಯುತ್ತೇನೆ, ಒಳ್ಳೇ ದಪ್ಪ ಇರುತ್ತವೆ. ಒಬ್ಬ ಎನ್‌ಪಿಸಿಗೆ (ಡಿಎಂ ಆಡಿಸುವ ಪಾತ್ರಕ್ಕೆ) ಒಂದು ಕಾರ್ಡ್, ಒಂದು ಊರಿಗೆ ಒಂದು, ಒಂದು ಗುಂಪಿಗೆ ಒಂದು. ನಿಮ್ಮ ಗಂಗವ್ವನ ಕಾರ್ಡ್ ಹೀಗಿರುತ್ತಿತ್ತು: "ಗಂಗವ್ವ. ದೋಣಿ, ಕೆರೆಯ ಪಡುವಣ ದಡ. ಬೇಕು: ಕಾಣೆಯಾದ ಅಣ್ಣ. ಎಲೆ ಅಡಿಕೆ ಹಾಕುತ್ತಾಳೆ, ದುಡ್ಡು ಮೊದಲೇ ಕೇಳುತ್ತಾಳೆ. ಸೆ. 4: ಪಾರ್ಟಿಯನ್ನು ದಾಟಿಸಿದಳು." ಆ ಸೆ. 4 ಇದೆಯಲ್ಲ, ಅದೇ ನಮ್ಮ ತಂದೆಯ ಪುಟದ ನಂಬರ್. ಪೂರ್ತಿ ವಿವರ ಬೇಕಾದರೆ ಅಲ್ಲಿಗೆ ಹೋಗಬಹುದು. ಆಟದ ದಿನ ಎಲ್ಲ ಕಾರ್ಡೂ ಮೇಜಿನ ಮೇಲೆ ಇರುವುದಿಲ್ಲ, ಆವತ್ತು ಬರಬಹುದಾದ ಏಳೆಂಟು ಕಾರ್ಡ್ ಮುಂದೆ, ಉಳಿದದ್ದು ಡಬ್ಬಿಯಲ್ಲಿ ಅಕಾರಾದಿಯಾಗಿ.

ಎತ್ತಿ ಬರೆಯುವುದು ಅದೇ ರಾತ್ರಿ ಆಗಬೇಕು. ನಾಳೆ ಅಂದರೆ ಅರ್ಧ ಮರೆಯುತ್ತದೆ, ಮುಂದಿನ ಶನಿವಾರ ಅಂದರೆ "ಹಸಿರು ಬಾಗಿಲು!!" ಅಂತ ನೀವೇ ಬರೆದದ್ದು ಏನು ಅಂತ ನಿಮಗೇ ಗೊತ್ತಾಗುವುದಿಲ್ಲ. ನನಗೆ ಇಪ್ಪತ್ತು ನಿಮಿಷ ಸಾಕು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಪುಟ ಇದೆ, ಬಾಕಿ. ಯಾರಿಂದ ಬರಬೇಕು, ಯಾರಿಗೆ ಕೊಡಬೇಕು. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ನಾನು ಪಾರ್ಟಿ ಕೊಟ್ಟ ಮಾತು, ಯಾರೋ ಇವರ ಮೇಲೆ ಇಟ್ಟ ಹಗೆ, ತೆರೆಯದೆ ಬಿಟ್ಟ ಪೆಟ್ಟಿಗೆ, ಓಡಿ ಹೋದ ಕಳ್ಳ, ಎಲ್ಲವನ್ನೂ ಬರೆಯುತ್ತೇನೆ. ಸೆಷನ್‌ಗೆ ತಯಾರಿ ಮಾಡುವಾಗ ಮೊದಲು ತೆಗೆಯುವುದು ಅದೇ ಪುಟ. ಅರ್ಧ ಕಥೆ ಅಲ್ಲಿಂದಲೇ ಸಿಗುತ್ತದೆ, ಹೊಸದಾಗಿ ಏನೂ ಹುಟ್ಟಿಸಬೇಕಾಗಿಲ್ಲ. ಮಂಡಿಯಲ್ಲಿ ದೀಪಾವಳಿಗೆ ಹೊಸ ಪುಸ್ತಕ ಪೂಜೆ ಮಾಡಿ ಮೊದಲು ಹಿಂದಿನ ಬಾಕಿ ಎತ್ತಿ ಬರೆಯುತ್ತಿದ್ದರು. ನಿಮ್ಮ ನೋಟ್‌ಬುಕ್ ಮುಗಿದಾಗ ನೀವೂ ಹಾಗೇ ಮಾಡಿ, ಒಂದು ಮಾತೂ ಹಳೇ ಪುಸ್ತಕದಲ್ಲಿ ಉಳಿಯುವುದಿಲ್ಲ.

ಬಾಲ್ ಪೆನ್ ಅಥವಾ ಪೆನ್ಸಿಲ್ ಬಳಸಿ. ಕೆಲವು ಜೆಲ್ ಪೆನ್ನಿನ ಬರಹ ನೀರು ಬಿದ್ದರೆ ಕಲಸಿಹೋಗುತ್ತದೆ.

ಮೂಡಿಗೆರೆ_ಮಳೆ:

ಕಿರ್ದಿ ಖತಾವಣಿ ಅಂದಿದ್ದನ್ನು ಓದಿ ತುಂಬಾ ಖುಷಿಯಾಯಿತು, ನಾನು ಲ್ಯಾಪ್‌ಟಾಪಿನಲ್ಲಿ ಮಾಡುವುದೂ ಅದೇ. ಆದರೆ ಒಂದೇ ಕಥೆ ಮುಂದುವರಿಯುವ ಮೂರು ವರ್ಷದ ಕ್ಯಾಂಪೇನ್‌ಗೆ ಕಾರ್ಡಿನ ಡಬ್ಬಿ ಸಾಲುವುದಿಲ್ಲ ಅನ್ನುವುದು ನನ್ನ ಅನುಭವ.

ನಾನು ಬಳಸುವುದು ಅಬ್ಸಿಡಿಯನ್, ನೋಟ್ಸ್ ಬರೆದಿಡುವ ಒಂದು ಆ್ಯಪ್. ಸ್ವಂತಕ್ಕೆ ಬಳಸಲು ದುಡ್ಡು ಕೊಡಬೇಕಾಗಿಲ್ಲ. ನಮ್ಮ ಕಡೆ ಜೂನ್‌ನಿಂದ ಕರೆಂಟ್ ಯಾವಾಗ ಹೋಗುತ್ತದೆ, ನೆಟ್‌ವರ್ಕ್ ಯಾವಾಗ ಬರುತ್ತದೆ ಹೇಳಲು ಆಗುವುದಿಲ್ಲ. ಇದರ ಫೈಲುಗಳು ನಮ್ಮ ಲ್ಯಾಪ್‌ಟಾಪಿನಲ್ಲೇ ಇರುತ್ತವೆ, ಬರೀ ಟೆಕ್ಸ್ಟ್ ಫೈಲ್. ನೆಟ್ ಇಲ್ಲದೆಯೂ ತೆರೆಯುತ್ತದೆ, ನಾಳೆ ಈ ಆ್ಯಪ್ ಬೇಡ ಅಂದರೆ ನೋಟ್‌ಪ್ಯಾಡಿನಲ್ಲೂ ಓದಬಹುದು. ಒಂದು ಹೆಸರಿನ ಸುತ್ತ ಎರಡೆರಡು ಚೌಕ ಬ್ರಾಕೆಟ್ ಹಾಕಿದರೆ ಅದು ಲಿಂಕ್ ಆಗುತ್ತದೆ. ಸೆಷನ್ 4ರ ಬರಹದಲ್ಲಿ [[ಗಂಗವ್ವ]] ಅಂತ ಬರೆದರೆ ಸಾಕು, ಗಂಗವ್ವನ ಪುಟ ತೆರೆದಾಗ ಅವಳ ಹೆಸರು ಯಾವ ಯಾವ ಸೆಷನ್‌ನಲ್ಲಿ ಬಂದಿದೆ ಅಂತ ತಾನೇ ತೋರಿಸುತ್ತದೆ. ಪುಟದ ನಂಬರ್ ಹಾಕುವ ಕೆಲಸ ತಪ್ಪುತ್ತದೆ.

ಕನ್ನಡದಲ್ಲಿ ನೋಟ್ಸ್ ಬರೆಯುವವರಿಗೆ ಕೆಲವು ತೊಡಕುಗಳಿವೆ, ಇಂಗ್ಲಿಷ್ ವಿಡಿಯೊಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ನಮ್ಮಲ್ಲಿ ಹೆಸರಿಗೆ ಪ್ರತ್ಯಯ ಅಂಟುತ್ತದೆ. ಗಂಗವ್ವನಿಗೆ, ಗಂಗವ್ವನ ಜೊತೆ. ಅದಕ್ಕೆ [[ಗಂಗವ್ವ|ಗಂಗವ್ವನಿಗೆ]] ಅಂತ ನಡುವೆ ಒಂದು ಗೆರೆ ಹಾಕಿ ಬರೆಯಬೇಕು. ಲಿಂಕ್ ಗಂಗವ್ವನ ಪುಟಕ್ಕೇ ಹೋಗುತ್ತದೆ, ಓದುವಾಗ ಮಾತ್ರ ಗಂಗವ್ವನಿಗೆ ಅಂತ ಕಾಣುತ್ತದೆ. ಹುಡುಕುವಾಗಲೂ ಹೀಗೇ. ಬೇಲೂರು ಅಂತ ಹುಡುಕಿದರೆ ಬೇಲೂರಿನಲ್ಲಿ ಅನ್ನುವುದು ಸಿಗುವುದಿಲ್ಲ, ಕೊನೆಯ ಉಕಾರ ಬಿದ್ದುಹೋಗಿರುತ್ತದೆ. ಬೇಲೂರ ಅಂತ ಹುಡುಕಿ, ಎರಡೂ ಸಿಗುತ್ತವೆ.

ಇನ್ನೊಂದು ಕಣ್ಣಿಗೆ ಕಾಣದ ತೊಂದರೆ. ಪ್ಲೇಯರ್‌ಗಳು ಅಂತ ಬರೆಯುವಾಗ ರ್ ಆದ ಮೇಲೆ ಒಂದು ಅದೃಶ್ಯ ಅಕ್ಷರ ಇರುತ್ತದೆ, ಅದಿಲ್ಲದಿದ್ದರೆ ಪ್ಲೇಯರ್ಗಳು ಅಂತ ಒತ್ತು ಬರುತ್ತದೆ. ಫೋನಿನ ಕೀಬೋರ್ಡಿನಲ್ಲಿ ಒಂದು ತರಹ, ಲ್ಯಾಪ್‌ಟಾಪಿನಲ್ಲಿ ಇನ್ನೊಂದು ತರಹ ಟೈಪ್ ಆದರೆ ಕಂಪ್ಯೂಟರಿಗೆ ಅವು ಎರಡು ಬೇರೆ ಪದ. ಆದ್ದರಿಂದ ಎನ್‌ಪಿಸಿಗಳಿಗೆ ಸ್ವರದಲ್ಲಿ ಮುಗಿಯುವ ಹೆಸರು ಇಟ್ಟರೆ ಹುಡುಕಾಟ ಸಲೀಸು. ಗಂಗವ್ವ, ದಾಸೋಜ, ಚಾವಣ, ಯಾವುದಕ್ಕೂ ಈ ಕಾಟ ಇಲ್ಲ. ನಾನು ಒಬ್ಬನಿಗೆ ವಿಕ್ಟರ್ ಅಂತ ಹೆಸರಿಟ್ಟು ಆರು ತಿಂಗಳು ಒದ್ದಾಡಿದೆ.

ರಾಕ್ಷಸರ ವಿವರವನ್ನೂ ಕನ್ನಡದಲ್ಲಿ ಚಿಕ್ಕದಾಗಿ ಬರೆದಿಟ್ಟುಕೊಳ್ಳಿ. ಐದನೇ ಎಡಿಷನ್‌ನ ಮೂಲ ನಿಯಮಗಳ ದಾಖಲೆಯನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿ ಬಿಟ್ಟಿದ್ದಾರೆ. ಮೂಲ ಎಲ್ಲಿಂದ ಅಂತ ಹೇಳಿದರೆ ಅದರಿಂದ ಎತ್ತಿಕೊಂಡು ಹಂಚಬಹುದು. ನನ್ನ ಗಾಬ್ಲಿನ್ (ಕುಳ್ಳ ರಾಕ್ಷಸ) ಒಂದೇ ಸಾಲು: "ಎಸಿ 15, ಎಚ್‌ಪಿ 7, ಕತ್ತಿ +4, ಏಟು 1ಡಿ6+2, ಹೊಡೆದು ಅಡಗುತ್ತದೆ." ಎಸಿ ಅಂದರೆ ಅದಕ್ಕೆ ಏಟು ತಾಗಲು ಮುಟ್ಟಬೇಕಾದ ಅಂಕ, ಎಚ್‌ಪಿ ಅಂದರೆ ಎಷ್ಟು ಏಟು ತಡೆಯುತ್ತದೆ ಅನ್ನುವುದು, 1ಡಿ6 ಅಂದರೆ ಆರು ಮುಖದ ಒಂದು ದಾಳ, +4 ಮತ್ತು +2 ದಾಳಕ್ಕೆ ಕೂಡಿಸುವ ಅಂಕ. ಜಗಳದ ಮಧ್ಯೆ ಅಷ್ಟೇ ಬೇಕಾಗುವುದು.

ಅರಸೀಕೆರೆ_ಡೈಸ್:

ಮಳೆ ಅವರೇ, ಕನ್ನಡದ ಹುಡುಕಾಟದ ವಿಷಯ ನನಗೆ ಹೊಸದು, ಬರೆದದ್ದಕ್ಕೆ ಧನ್ಯವಾದ. ಒಂದು ಮಾತು ಮಾತ್ರ ಸೇರಿಸುತ್ತೇನೆ. ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದರೆ ನನಗೂ ಪ್ಲೇಯರ್‌ಗಳಿಗೂ ನಡುವೆ ಗೋಡೆ ಎದ್ದ ಹಾಗಾಗುತ್ತದೆ. ನಾನು ಸ್ಕ್ರೀನ್ ನೋಡಿದ ತಕ್ಷಣ ಅವರೂ ಫೋನ್ ತೆಗೆಯುತ್ತಾರೆ. ಮನೆಯಲ್ಲಿ ಲ್ಯಾಪ್‌ಟಾಪ್, ಮೇಜಿನ ಮೇಲೆ ಕಾಗದ, ಹಾಗೆ ಮಾಡಿದರೆ ಎರಡೂ ಸಿಗುತ್ತದೆ ಅನ್ನಿಸುತ್ತದೆ.

ರೇಂಜರ್_ಅಕ್ಕ:

ನಾನು ಡಿಎಂ ಅಲ್ಲ, ಚಿಕ್ಕಮಗಳೂರಿನಲ್ಲಿ ಆರು ವರ್ಷದಿಂದ ಆಡುವವಳು. ಇಷ್ಟೂ ಕೆಲಸ ಡಿಎಂ ಒಬ್ಬರೇ ಯಾಕೆ ಮಾಡಬೇಕು? ಹೇಮಾವತಿಯವರ ಪ್ರಶ್ನೆಯಲ್ಲೇ ಉತ್ತರ ಇದೆ. ಗಂಗವ್ವನ ಹೆಸರು, ಕೊಟ್ಟ ಮಾತು, ಎರಡನ್ನೂ ಆ ಹುಡುಗಿ ತನ್ನ ಫೋನಿನಲ್ಲಿ ಬರೆದಿಟ್ಟುಕೊಂಡಿದ್ದಾಳೆ. ಅವಳನ್ನು ಕೇಳಿ.

ನಮ್ಮ ಮೇಜಿನಲ್ಲಿ ಕಿರ್ದಿ ಬರೆಯುವವಳು ನಾನು. ಪ್ರತಿ ಸೆಷನ್ ಶುರುವಾಗುವ ಮೊದಲು ಕಳೆದ ಸಲ ಏನಾಯಿತು ಅಂತ ಐದು ನಿಮಿಷ ನಾನೇ ಹೇಳುತ್ತೇನೆ, ನಮ್ಮ ಡಿಎಂ ಸುಮ್ನೆ ಕೇಳಿಸಿಕೊಂಡು ಬರೆದುಕೊಳ್ಳುತ್ತಾರೆ. ಅದಕ್ಕೆ ನನಗೆ ಒಂದು ಇನ್‌ಸ್ಪಿರೇಷನ್ ಕೊಡುತ್ತಾರೆ, ಕಷ್ಟದ ರೋಲ್ ಬಂದಾಗ ಎರಡು ಡಿ20 (ಇಪ್ಪತ್ತು ಮುಖದ ದಾಳ) ಹಾಕಿ ಜಾಸ್ತಿ ಬಂದದ್ದನ್ನು ತೆಗೆದುಕೊಳ್ಳಬಹುದು. ನಾವು ಯಾವುದನ್ನು ನೆನಪಿಟ್ಟುಕೊಂಡಿದ್ದೇವೆ ಅಂತ ಡಿಎಂಗೆ ಗೊತ್ತಾಗುವುದೂ ಆಗಲೇ. ಅವರು ಎರಡು ವಾರ ಕೂತು ಕಟ್ಟಿದ ಅರಮನೆಯ ಬಗ್ಗೆ ನಾನು ಒಂದೇ ಸಾಲು ಹೇಳಿ, ದಾರಿಯಲ್ಲಿ ಸಿಕ್ಕ ಕುಂಟ ನಾಯಿಯ ಬಗ್ಗೆ ಎರಡು ನಿಮಿಷ ಹೇಳಿದ್ದೆ. ಮುಂದಿನ ಸೆಷನ್‌ನಲ್ಲಿ ಆ ನಾಯಿ ವಾಪಸ್ ಬಂತು. ಆವತ್ತು ನಮಗಾದ ಸಂತೋಷ ಹೇಳಲು ಆಗುವುದಿಲ್ಲ.

ಹೇಮಾವತಿ_ಡಿಎಂ:

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಎರಡು ಭಾನುವಾರ ಆಡಿಸಿ ಬಂದು ಬರೆಯುತ್ತಿದ್ದೇನೆ.

ಮೊದಲು ಆ ಹುಡುಗಿಗೆ ಫೋನ್ ಮಾಡಿದೆ. ಅವಳ ಹತ್ತಿರ ಹದಿನಾಲ್ಕು ಸೆಷನ್‌ನದ್ದೂ ಇತ್ತು! ಎಲ್ಲವನ್ನೂ ಕಳಿಸಿದಳು. ಅದರಿಂದ ಮೂವತ್ತೊಂದು ಕಾರ್ಡ್ ಮಾಡಿದೆ, ಎರಡು ರಾತ್ರಿ ಹಿಡಿಯಿತು. ಲಗ್ನಪತ್ರಿಕೆ ಅಮ್ಮ ಕೊಟ್ಟರು. ಬಾಕಿ ಪುಟದಲ್ಲಿ ಒಂಬತ್ತು ಬಂತು, ಅದರಲ್ಲಿ ನಾಲ್ಕು ನನಗೆ ಪೂರ್ತಿ ಮರೆತೇ ಹೋಗಿದ್ದವು. ಈ ಸಲ ತಯಾರಿ ಒಂದೇ ಪುಟ ಬರೆದೆ, ಬರೀ ನಡೆ. ಕೈ ಖಾಲಿ ಇದೆ ಅಂತ ಶನಿವಾರ ರಾತ್ರಿ ಭಯ ಆಗಿತ್ತು, ಆದರೆ ನಾಲ್ಕು ಗಂಟೆ ಆಟ ನಡೆಯಿತು, ಪುಟದಲ್ಲಿ ಇದ್ದ ಮುಕ್ಕಾಲು ಪಾಲು ಬಳಕೆಗೆ ಬಂತು. ಚೆಲುವಿಯನ್ನು ಗಂಗವ್ವನ ತಂಗಿ ಮಾಡಿದ್ದೇನೆ, ಆವತ್ತು ದೋಣಿಯಲ್ಲಿ ಇದ್ದವಳು ಅವಳೇ. ಪ್ಲೇಯರ್‌ಗಳು ಒಪ್ಪಿಕೊಂಡರು.

ಅಬ್ಸಿಡಿಯನ್ ಇನ್ನೂ ಹಾಕಿಲ್ಲ. ಕಾರ್ಡ್ ನೂರು ದಾಟಿದ ಮೇಲೆ ನೋಡುತ್ತೇನೆ.

ಒಂದು ವಿಷಯ ಇನ್ನೂ ಬಗೆಹರಿದಿಲ್ಲ. ಮುಳುಗುವ ಗುಡಿಗೆ ನೀರು ಏರುತ್ತಿದೆ. ಈ ಕಡೆ ಅಣ್ಣನನ್ನು ಹಿಡಿದುಕೊಂಡು ಹೋದವರು ಘಟ್ಟ ಇಳಿಯುತ್ತಿದ್ದಾರೆ. ಎರಡೂ ಒಟ್ಟಿಗೆ ನಡೆಯಬೇಕು. ಪಾರ್ಟಿ ಒಂದು ಕಡೆ ಇದ್ದಾಗ ಇನ್ನೊಂದು ಕಡೆ ಎಷ್ಟು ಮುಂದೆ ಹೋಯಿತು ಅಂತ ಹೇಗೆ ಬರೆದಿಡುವುದು?

ಕೊಪ್ಪದ_ಕಡೆಯವನು:

ಚೆಲುವಿಯನ್ನು ತಂಗಿ ಮಾಡಿದ್ದು ಬಹಳ ಚೆನ್ನಾಯಿತು.

ಇದಕ್ಕೆ ಕೆಲವು ಆಟಗಳಲ್ಲಿ ಕ್ಲಾಕ್ ಅಂತ ಬಳಸುತ್ತಾರೆ. ಒಂದು ವೃತ್ತ ಬರೆದು ನಾಲ್ಕು, ಆರು ಅಥವಾ ಎಂಟು ಹೋಳು ಮಾಡಿ. ನೀರಿಗೆ ಆರು ಹೋಳು ಇರಲಿ. ಪಾರ್ಟಿ ಒಂದು ರಾತ್ರಿ ಮಲಗಿದರೆ ಒಂದು ಹೋಳು ತುಂಬಿ, ಜೋರು ಮಳೆ ಬಂದರೆ ಇನ್ನೊಂದು. ಎರಡನೇ ಹೋಳಿಗೆ ಮೆಟ್ಟಿಲು ಮುಳುಗಿತು, ನಾಲ್ಕಕ್ಕೆ ಗರ್ಭಗುಡಿಯ ಬಾಗಿಲು, ಆರಕ್ಕೆ ಎಲ್ಲವೂ. ಯಾವ ಹೋಳಿಗೆ ಏನಾಗುತ್ತದೆ ಅಂತ ವೃತ್ತದ ಪಕ್ಕದಲ್ಲೇ ಬರೆದಿಡಿ, ಆಡಿಸುವಾಗ ಯೋಚಿಸುತ್ತಾ ಕೂರಬೇಕಾಗಿಲ್ಲ. ಅಣ್ಣನಿಗೆ ಇನ್ನೊಂದು ವೃತ್ತ, ಎಂಟು ಹೋಳು, ಘಟ್ಟದ ಎಂಟು ತಿರುವು.

ನೀರಿನ ವೃತ್ತವನ್ನು ಒಂದು ದೊಡ್ಡ ಹಾಳೆಯಲ್ಲಿ ಬರೆದು ಮೇಜಿನ ನಡುವೆ ಇಡಿ, ಕೆರೆ ತುಂಬುತ್ತಿರುವುದು ಊರಿಗೆಲ್ಲ ಕಾಣುತ್ತದೆ. ನೀವು ಪೆನ್ಸಿಲ್ ಎತ್ತಿದಾಗ ಐದು ಜನರ ಮುಖ ನೋಡಿ. ಅಣ್ಣನ ವೃತ್ತ ಮಾತ್ರ ನಿಮ್ಮ ನೋಟ್‌ಬುಕ್ಕಿನಲ್ಲೇ ಇರಲಿ.